ಪರನಾಡಿನ ಪೇಟೆ, ಪೇಟೆಯ ಮಾತು

ಹೊಸ ನಾಡಿಗೆ ಬಂದು ನೆಲಸಿದವನು ಅಲ್ಲಿನ ದೇವಾಲಯವನ್ನೋ ಕಚೇರಿಯನ್ನೋ ಪಾಠಶಾಲೆಯನ್ನೋ ಹೊಗುವ ಮುನ್ನವೇ ಅಂಗಡಿಯ ಮೆಟ್ಟಿಲನ್ನು ಹತ್ತಿರುತ್ತಾನೆ. ಹಸಿವು ಕಾಯುವುದಿಲ್ಲವಷ್ಟೆ. ಅಕ್ಕಿ, ಉಪ್ಪು, ಸಾಬೂನುಗಳಿಗಾಗಿ ಆಡುವ ಮೊದಲ ನಾಲ್ಕು ಮಾತುಗಳಲ್ಲಿಯೇ ಆತ ಆ ನಾಡಿನ ಭಾಷೆಯನ್ನೂ ಎಣಿಕೆಯನ್ನೂ ಮರ್ಯಾದೆಯನ್ನೂ ಕಲಿಯತೊಡಗುತ್ತಾನೆ. ಹೇಳಿದ ಬೆಲೆಯನ್ನು ಕೊಟ್ಟುಬಿಡಬೇಕೆ, ಕೊಸರಾಡಬೇಕೆ? ವಸ್ತುವನ್ನು ಕೈಯಿಂದ ಮುಟ್ಟಿ ನೋಡಬಹುದೆ? ಹಣವನ್ನು ಇಂದೇ ಎಣಿಸಬೇಕೆ, ತಿಂಗಳ ಕೊನೆಗೆ ಕೊಟ್ಟರೆ ನಡೆದೀತೆ? ಇಂತಹ ಪ್ರಶ್ನೆಗಳಿಗೆ ಪಠ್ಯಪುಸ್ತಕದಲ್ಲಿ ಉತ್ತರ ದೊರೆಯದು. ಪೇಟೆಯಲ್ಲಿ ನಿಂತವನಿಗೆ ಮಾತ್ರ ದೊರೆಯುವುದು.

ನಮ್ಮ ಕಾಸರಗೋಡಿನ ಕಡೆ ಗಲ್ಫ್ ದೇಶಗಳಲ್ಲಿ ದುಡಿಯುವವರಿಲ್ಲದ ಊರು ಇಲ್ಲವೆಂದರೂ ಸಲ್ಲುತ್ತದೆ. ಈಚಿನ ವರ್ಷಗಳಲ್ಲಿ ನಮ್ಮ ಮಕ್ಕಳು ಅಮೆರಿಕ, ಜರ್ಮನಿ, ಆಸ್ಟ್ರೇಲಿಯಗಳಿಗೂ ಹೋಗಿ ಮನೆ ಹೂಡಿದ್ದಾರೆ. ಅಲ್ಲಿಯ ಅಂಗಡಿಗಳ ರೀತಿನೀತಿಗಳಿಗೆ ಹೊಂದಿಕೊಂಡ ಪ್ರಸಂಗಗಳನ್ನು ರಜೆಯಲ್ಲಿ ಬಂದಾಗ ಜಗಲಿಯಲ್ಲಿ ಕುಳಿತು ಹೇಳುತ್ತಾರೆ, ನಾವು ಕೇಳಿ ನಗುತ್ತೇವೆ. ಆದರೆ ಈ ಪ್ರಸಂಗಗಳ ಹಿಂದೆ ದೀರ್ಘವಾದ ಚರಿತ್ರೆಯೊಂದಿದೆ. ನಮ್ಮ ಕರಾವಳಿಗೂ ಅರಬ್ಬೀ ಸಮುದ್ರದ ಆಚೆಯ ದಡಕ್ಕೂ ನಡೆದುಬಂದ ಕೊಡುಕೊಳುವಿಕೆಗೆ ಒಂಬೈನೂರು ವರ್ಷ ಹಳೆಯ ಕಾಗದದ ಸಾಕ್ಷ್ಯಗಳು ಉಳಿದಿವೆ. ಆ ಸಾಕ್ಷ್ಯಗಳಿಂದ ಆರಂಭಿಸಿ, ಪೇಟೆಯ ರೀತಿ ಹೇಗೆ ಬದಲಾಯಿತು, ಆ ಬದಲಾವಣೆಯಲ್ಲಿ ಗಡಿನಾಡಿನ ಕನ್ನಡಿಗರಾದ ನಾವು ಪಡೆದದ್ದೇನು, ಕಳೆದುಕೊಳ್ಳುತ್ತಿರುವುದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮಂಗಳೂರಿನಲ್ಲೊಬ್ಬ ಪರದೇಶಿ

ಕ್ರಿಸ್ತಶಕ 12ನೆಯ ಶತಮಾನ. ತುಳುನಾಡನ್ನು ಅಳುಪ ಅರಸರು ಆಳುತ್ತಿದ್ದ ಕಾಲ. ಆಫ್ರಿಕದ ಉತ್ತರ ತೀರದ, ಇಂದಿನ ಟ್ಯುನೀಸಿಯದಲ್ಲಿರುವ ಮಹ್ದಿಯ ಎಂಬ ಊರಿನಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವ್ಯಾಪಾರಿಯೊಬ್ಬನು ಏಡನ್ನಿನ ಮಾರ್ಗವಾಗಿ ಮಂಗಳೂರಿಗೆ ಬಂದು ನೆಲಸಿದನು. 1132ರ ಅಕ್ಟೋಬರ್ 17ರಂದು ಅಶು ಎಂಬ ಹೆಸರಿನ ಸ್ತ್ರೀಯೊಬ್ಬಳನ್ನು ಆತ ದಾಸ್ಯದಿಂದ ಬಿಡುಗಡೆಗೊಳಿಸಿದ ಪತ್ರವು ಮಂಗಳೂರಿನಲ್ಲಿಯೇ ಬರೆಯಲ್ಪಟ್ಟಿತು. ಮುಂದೆ ಆಕೆಯೇ ಆತನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ಊಹಿಸುತ್ತಾರೆ. 1149ರಲ್ಲಿ ಆತ ಏಡನ್ನಿಗೆ ಮರಳಿದನು. ಈ ನಡುವಿನ ಸುಮಾರು 17 ವರ್ಷಗಳ ಆತನ ಬದುಕು ನಮಗೆ ತಿಳಿದಿರುವುದು ಆತನ ಪತ್ರಗಳಿಂದ, ಲೆಕ್ಕದ ಚೀಟಿಗಳಿಂದ.

ಆ ಚೀಟಿಗಳು ಉಳಿದುಬಂದುದೇ ಒಂದು ವಿಸ್ಮಯ. ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ಎಸೆಯಬಾರದೆಂಬ ನಂಬಿಕೆಯಿಂದ ಹಳೆಯ ಕೈರೋದ ಯೆಹೂದ್ಯರು ತಮ್ಮ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ಶತಮಾನಗಳ ಕಾಲ ಕಾಗದಗಳನ್ನು ತುಂಬುತ್ತ ಬಂದರು. ಆ ಕೋಣೆಗೆ ಗೆನೀಜಾ ಎಂದು ಹೆಸರು. 1896ರ ಕೊನೆಯಲ್ಲಿ ಅಲ್ಲಿಗೆ ಹೋದ ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸರು ಆ ರಾಶಿಯ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ಹೀಬ್ರೂ ಲಿಪಿಯಲ್ಲಿ ಬರೆದ ಅರಬಿ ಭಾಷೆಯ ಆ ಪತ್ರಗಳಲ್ಲಿ ಹಿಂದೂಸ್ಥಾನದ ವ್ಯಾಪಾರಕ್ಕೆ ಸಂಬಂಧಿಸಿದವುಗಳನ್ನು ಎಸ್. ಡಿ. ಗೊಯ್ಟೀನ್ ಅವರು ದಶಕಗಳ ಕಾಲ ಆಯ್ದು ಓದಿದರು.

ಬೆನ್ ಯಿಜು ಇಲ್ಲಿಂದ ಕಾಳುಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಕಂಚು ಹಿತ್ತಾಳೆಗಳ ಪಾತ್ರೆ ಮಾಡಿಸುವ ಕಮ್ಮಟವನ್ನೂ ನಡೆಸುತ್ತಿದ್ದನು. ಏಡನ್ನಿನ ಗೆಳೆಯರು ಒಡೆದ ಹಳೆಯ ಪಾತ್ರೆಗಳನ್ನು ಹಡಗಿನಲ್ಲಿ ಕಳುಹಿಸಿ, ಅದನ್ನು ಕರಗಿಸಿ ಇಂಥ ಆಕಾರದ ಹೊಸ ಪಾತ್ರೆ ಮಾಡಿಸಿ ಕಳುಹಿಸೆಂದು ಬರೆಯುತ್ತಿದ್ದರು. ಹಳತು ಕೊಟ್ಟು ಹೊಸತು ಕೊಳ್ಳುವ ಪದ್ಧತಿ ಎಷ್ಟು ಹಳೆಯದೆಂಬುದನ್ನು ಇದರಿಂದ ತಿಳಿಯಬಹುದು.

ಇನ್ನು ಆತನು ತರಿಸಿಕೊಳ್ಳುತ್ತಿದ್ದ ವಸ್ತುಗಳನ್ನು ನೋಡೋಣ. ತಾಳೆಗರಿಯ ಮೇಲೆ ಕಂಠದಿಂದ ಬರೆಯುವ ನಾಡಿನಲ್ಲಿ ಆತನಿಗೆ ಬೇಕಾದ ಕಾಗದ ಸಿಗುತ್ತಿರಲಿಲ್ಲ, ಏಡನ್ನಿನಿಂದ ಬರಬೇಕಾಗಿತ್ತು. ಬೆಲ್ಲದ ನಾಡಿನಲ್ಲಿದ್ದೂ ಸಕ್ಕರೆಯನ್ನು ತರಿಸಿಕೊಂಡನು. ಒಣದ್ರಾಕ್ಷಿ, ಸಾಬೂನು, ಚಾಪೆ, ಜರಡಿ, ಕಬ್ಬಿಣದ ಬಾಣಲೆ ಇವೆಲ್ಲ ಆ ಪಟ್ಟಿಗಳಲ್ಲಿವೆ. ಕಬ್ಬಿಣವನ್ನು ರಫ್ತು ಮಾಡುವವನು ಬಾಣಲೆಯನ್ನು ಆಮದು ಮಾಡಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ತನ್ನ ತಾಯಿ ಬಳಸಿದಂತಹ ಬಾಣಲೆಯೇ ಬೇಕೆನ್ನುವುದು ಪರದೇಶದಲ್ಲಿರುವವರ ಸ್ವಭಾವ. ಇಲ್ಲಿಂದ ದುಬೈಗೆ ಹೋಗುವವರ ಪೆಟ್ಟಿಗೆಯಲ್ಲಿ ದೋಸೆಕಾವಲಿ, ಕುಚ್ಚಲಕ್ಕಿ, ಉಪ್ಪಿನಕಾಯಿ ಭರಣಿಗಳನ್ನು ಕಂಡವರಿಗೆ ಬೆನ್ ಯಿಜುವಿನ ಪಟ್ಟಿ ಅರ್ಥವಾಗದೆ ಇರದು.

ಈ ವಸ್ತುಗಳಲ್ಲಿ ಹಲವನ್ನು ಹೊತ್ತುತಂದವನು ಆತನ ಆಳು, ಇದೇ ನಾಡಿನವನು. 1135ರ ಸುಮಾರಿಗೆ ಆತ ಯಜಮಾನನ ಸರಕಿನೊಡನೆ ಏಡನ್ನಿಗೆ ಹೋಗಿ ಬಂದನು. ಪತ್ರಗಳಲ್ಲಿ ಮೂರೇ ಅಕ್ಷರಗಳಲ್ಲಿ ಉಳಿದಿರುವ ಆತನ ಹೆಸರನ್ನು ಲೇಖಕ ಅಮಿತಾವ್ ಘೋಷ್ ಅವರು ತುಳುನಾಡಿನ ವಿದ್ವಾಂಸರಾದ ಡಾ. ಬಿ. ಎ. ವಿವೇಕ ರೈಯವರ ನೆರವಿನಿಂದ ‘ಬೊಮ್ಮ’ ಎಂದು ಓದಿದರು. ಏಡನ್ನಿನ ಪೇಟೆಯಲ್ಲಿ ಬೊಮ್ಮನು ಯಜಮಾನನ ಲೆಕ್ಕದಲ್ಲಿ ಹಣ ಪಡೆದು ಕುಡಿದು, ಮತ್ತೂ ಬೇಕೆಂದು ಕೇಳಿದನೆಂದು ಅಲ್ಲಿಯ ವರ್ತಕನು ದೂರು ಬರೆದಿದ್ದಾನೆ. ಪರದೇಶದ ಪೇಟೆಗೆ ಹೋದ ನಮ್ಮವರ ಪೈಕಿ ಹೆಸರು ಸಹಿತ ದಾಖಲೆಯಲ್ಲಿ ಉಳಿದ ತೀರ ಹಳೆಯ ಸಾಮಾನ್ಯರಲ್ಲಿ ಬೊಮ್ಮನೊಬ್ಬ. ಅವನ ಖರ್ಚಿನ ಲೆಕ್ಕವೇ ಅವನ ಚರಿತ್ರೆಯಾಯಿತು!

ಆ ಪತ್ರಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಏಲಕ್ಕಿಗಾಗಿ ಮುಂಗಡ ಪಡೆದ ಇಲ್ಲಿಯ ಮಧ್ಯವರ್ತಿಯೊಬ್ಬನು ಸರಕು ಒದಗಿಸಲಿಲ್ಲ. ಹಲವು ಪತ್ರಗಳಲ್ಲಿ ಆ ಬಾಕಿಯ ಮಾತು ಬರುತ್ತದೆ. ಏಡನ್ನಿನ ಪಾಲುದಾರನು ಸೂಚಿಸಿದ ಉಪಾಯವೆಂದರೆ, ಮಾತಿಗೆ ತಪ್ಪಿದವನೆಂದು ವರ್ತಕರ ಸಮೂಹದಲ್ಲಿ ಆತನ ಹೆಸರನ್ನು ಸಾರುವೆವೆಂದು ಹೆದರಿಸುವುದು. ಬೇರೆ ಅರಸು, ಬೇರೆ ಧರ್ಮ, ಬೇರೆ ಭಾಷೆ. ಹೀಗಿದ್ದೂ ಮಾನ ಹೋದೀತೆಂಬ ಭಯ ಸಮುದ್ರದ ಎರಡೂ ದಡಗಳಲ್ಲಿ ಒಂದೇ ಆಗಿತ್ತು. ಆ ಪತ್ರಗಳಲ್ಲಿ ಬರುವ ‘ಫತನ್‌ಸ್ವಾಮಿ’ ಎಂಬ ಹಡಗಿನೊಡೆಯನ ಬಿರುದು ನಮ್ಮ ಶಾಸನಗಳ ‘ಪಟ್ಟಣಸ್ವಾಮಿ’ಯೇ ಹೌದು. ಪೇಟೆಯ ದಾರಿಯಿಂದ ನಮ್ಮ ಮಾತು ಅರಬಿ ಪತ್ರಗಳೊಳಕ್ಕೆ ಹೊಕ್ಕಿತ್ತು.

ಬೆರಳಿನ ಭಾಷೆ

ಮಂಗಳೂರಿನಿಂದ ತೆಂಕಣಕ್ಕೆ ಕಲ್ಲಿಕೋಟೆಯವರೆಗಿನ ಬಂದರುಗಳನ್ನು ಕಂಡ ಪರದೇಶಿ ಯಾತ್ರಿಕರು ಬರೆದಿಟ್ಟ ವಿವರಗಳೂ ಇದೇ ವಿಷಯವನ್ನು ಬೆಳಗುತ್ತವೆ. ಚೀನದ ನೌಕಾಪಡೆಯೊಡನೆ 15ನೆಯ ಶತಮಾನದ ಆದಿಯಲ್ಲಿ ಕಲ್ಲಿಕೋಟೆಗೆ ಬಂದ ಮಾ ಹುವಾನ್ ದುಭಾಷಿಯಾಗಿದ್ದವನು. ಅವನ ಪ್ರಕಾರ ಒಂದು ಹಡಗಿನ ಸರಕಿಗೆ ಬೆಲೆ ಕಟ್ಟಲು ಬೇಗನೆಂದರೆ ಒಂದು ತಿಂಗಳು, ತಡವೆಂದರೆ ಎರಡು ಮೂರು ತಿಂಗಳು ಹಿಡಿಯುತ್ತಿತ್ತು. ಬೆಲೆ ನಿಶ್ಚಯವಾದೊಡನೆ ಎಲ್ಲರೂ ಕೈಗೆ ಕೈ ಸೇರಿಸಿ, ಮುಂದೆ ಬೆಲೆ ಏರಲಿ ಇಳಿಯಲಿ ಈ ಮಾತಿಗೆ ತಪ್ಪಲಾಗದೆಂದು ಒಪ್ಪಿಕೊಳ್ಳುತ್ತಿದ್ದರು. ಚೀನೀಯರ ಮಣಿಚೌಕಟ್ಟಿನ ಹಂಗಿಲ್ಲದೆ ಕೈಕಾಲುಗಳ ಇಪ್ಪತ್ತು ಬೆರಳುಗಳಿಂದಲೇ ಇಲ್ಲಿಯವರು ಒಂದಿಷ್ಟೂ ತಪ್ಪದೆ ಲೆಕ್ಕ ಮಾಡುತ್ತಿದ್ದುದು ಅವನಿಗೆ ಅಚ್ಚರಿಯೆನಿಸಿತು.

1442ರಲ್ಲಿ ಕಲ್ಲಿಕೋಟೆಗೆ ಬಂದು, ಮರುವರ್ಷ ವಿಜಯನಗರವನ್ನು ಸೇರಿದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಇನ್ನೊಂದು ವಿಷಯವನ್ನು ಮೆಚ್ಚಿಕೊಂಡಿದ್ದಾನೆ. ವರ್ತಕರು ತಮ್ಮ ಸರಕನ್ನು ಪೇಟೆಯಲ್ಲಿಳಿಸಿ ನಿಶ್ಚಿಂತೆಯಿಂದ ಬಿಟ್ಟುಹೋಗುತ್ತಿದ್ದರು. ಸುಂಕದ ಅಧಿಕಾರಿಗಳೇ ಕಾವಲಿರುತ್ತಿದ್ದರು. ಮಾರಾಟವಾದರೆ ಬೆಲೆಯ ನಲವತ್ತರಲ್ಲೊಂದು ಪಾಲು ಸುಂಕ; ಮಾರಾಟವಾಗದಿದ್ದರೆ ಏನೂ ಇಲ್ಲ. ಪರದೇಶಿಯನ್ನು ಪೇಟೆಗೆ ಸೆಳೆಯುವ ಉಪಾಯ ಇದಕ್ಕಿಂತ ಬೇರೆ ಬೇಕೆ?

1505ರ ಸುಮಾರಿಗೆ ಬಂದ ಇಟಲಿಯ ಲುದೊವಿಕೊ ವರ್ತೆಮಾ ಬೆಲೆ ಕಟ್ಟುವ ಗುಟ್ಟಿನ ಕ್ರಮವನ್ನು ವರ್ಣಿಸಿದ್ದಾನೆ. ದಲ್ಲಾಳಿಯೂ ವರ್ತಕನೂ ಬಟ್ಟೆಯ ಮರೆಯಲ್ಲಿ ಬೆರಳು ಮುಟ್ಟಿ, ಬಾಯಿ ತೆರೆಯದೆಯೇ ಬೆಲೆ ಕುದುರಿಸುತ್ತಿದ್ದರು. ಬಯಲುಸೀಮೆಯ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಹೇಳುವುದನ್ನು ಕಂಡವರು ನಮ್ಮಲ್ಲಿದ್ದಾರೆ. ಗಲ್ಫಿನ ಮುತ್ತಿನ ವ್ಯಾಪಾರಿಗಳೂ ಇದೇ ರೀತಿ ಬಟ್ಟೆಯಡಿಯಲ್ಲಿ ಕೈ ಹಿಡಿದು ಬೆಲೆ ಮುಗಿಸುತ್ತಿದ್ದರು. ಆ ಮುತ್ತುಗಳಿಗೆ ದೊಡ್ಡ ಮಾರುಕಟ್ಟೆ ಬೊಂಬಾಯಿ. ಭಾಷೆ ಬಾರದವನಿಗೂ ಬೆರಳಿನ ಭಾಷೆ ಬರುತ್ತಿತ್ತು. ಇಂದಿನವರು ಅರಬರ ಪೇಟೆಯ ಕೊಸರಾಟವನ್ನು ಕಂಡು ಬೆರಗಾಗುತ್ತಾರೆ. ಆದರೆ ಅದು ನಾವೂ ಅವರೂ ಕೂಡಿ ಕಲಿತ ವಿದ್ಯೆ.

ಮನೆ ಬಿಡದೆಯೇ ಬದಲಾದ ಪೇಟೆ

ಪರದೇಶಕ್ಕೆ ಹೋದವನಿಗೆ ಪೇಟೆ ಬದಲಾಗುವುದು ಸಹಜ. ಮನೆಯ ಹೊಸ್ತಿಲನ್ನು ದಾಟದೆಯೇ ಪೇಟೆ ಬದಲಾದ ಅನುಭವ ಗಡಿನಾಡಿನವರಿಗೆ ವಿಶೇಷವಾದುದು. 1956ರ ನವೆಂಬರ್ 1ರಂದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಅದರ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಐದು ತಿಂಗಳು ಕಳೆಯುವಷ್ಟರಲ್ಲಿ, 1957ರ ಏಪ್ರಿಲ್ 1ರಂದು, ದೇಶಕ್ಕೆಲ್ಲ ದಶಮಾಂಶ ನಾಣ್ಯ ಬಂತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂಬ ಲೆಕ್ಕ ಹೋಗಿ 100 ನಯಾಪೈಸೆಯ ಲೆಕ್ಕ ಬಂತು. 1958ರ ಅಕ್ಟೋಬರಿನಿಂದ ಹಂತಹಂತವಾಗಿ ಸೇರು, ಮಣ, ತೊಲೆಗಳು ಹೋಗಿ ಕಿಲೋ, ಗ್ರಾಂಗಳು ಬಂದವು. ರಾಜ್ಯ, ನಾಣ್ಯ, ತೂಕ ಈ ಮೂರೂ ಕೆಲವೇ ವರ್ಷಗಳ ಒಳಗೆ ಬದಲಾದುವು. ಹೀಗೆ ಬದಲಾದ ಪೇಟೆ, ಅದೇ ಅಂಗಡಿ, ಅದೇ ಅಂಗಡಿಯಾತ!

ಒಂದಾಣೆಗೆ ಸರಿಯಾಗಿ ಆರೂಕಾಲು ನಯಾಪೈಸೆಯಾಗುತ್ತದೆ. ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಪಟ್ಟಿ ಮಾಡಬೇಕಾಯಿತು. ಮೂರಾಣೆಯ ಸಾಮಾನನ್ನು ಒಮ್ಮೆಗೆ ಕೊಂಡರೆ 19, ಒಂದೊಂದಾಣೆಯಂತೆ ಮೂರು ಸಲ ಕೊಂಡರೆ 18! ನಾನು ಒಂದನೆಯ ತರಗತಿಗೆ ಸೇರಿದುದು ಆ ದಿನಗಳಲ್ಲಿ. ಮನೆಯ ಹಿರಿಯರು ಆಣೆಯಲ್ಲಿ ಯೋಚಿಸಿ ಪೈಸೆಯಲ್ಲಿ ಕೊಡುತ್ತಿದ್ದರು. ನಾಲ್ಕಾಣೆ, ಎಂಟಾಣೆ ಎಂಬ ಮಾತುಗಳು ಆಣೆ ಸತ್ತು ಎಷ್ಟೋ ಕಾಲವಾದ ಮೇಲೂ ಬದುಕಿದುದನ್ನು ತಾವೆಲ್ಲ ಬಲ್ಲಿರಿ. ಅಕ್ಕಿಯ ಮುಡಿ, ಕಳಸೆಗಳೂ ಹಾಗೆಯೇ. ಮುಡಿಗೆ ಮೂರು ಕಳಸೆ, ಕಳಸೆಗೆ 14 ಸೇರು ಎಂಬ ಲೆಕ್ಕ ಕಾನೂನಿನಿಂದ ಹೋಯಿತು, ಗೇಣಿಯ ಮಾತಿನಿಂದ ಹೋಗಲಿಲ್ಲ.

ಆ ಕಾಲದ ನಮ್ಮ ಜಿನಸಿನ ಅಂಗಡಿಯ ನಡವಳಿಕೆಯನ್ನು ಎರಡು ಮಾತಿನಲ್ಲಿ ಹೇಳುವುದಾದರೆ, ಒಂದು ಉದ್ರಿ, ಮತ್ತೊಂದು ಕೊಸರು. ಅಡಕೆ ಮಾರಿದಾಗ ತೀರಿಸುವ ಮಾತಿನ ಮೇಲೆ ವರ್ಷವಿಡೀ ಉದ್ರಿ ನಡೆಯುತ್ತಿತ್ತು. ತೂಗಿ ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ ಹಾಕುವುದು ಕೊಸರು. ಮಗು ಜತೆಗಿದ್ದರೆ ಅದರ ಕೈಗೊಂದು ಬೆಲ್ಲದ ತುಂಡು. ಹೀಗೆ ಕೊಡುವುದರಲ್ಲಿ ಅಂಗಡಿಯವರಿಗೂ ಗಿರಾಕಿಗೂ ನಡುವೆ ಬೆಳೆಯುತ್ತಿದ್ದುದು ಪರಿಚಯ. ಒಂದೇ ಅಂಗಡಿಯ ಮುಂದೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಕೇಳಿಸುತ್ತಿದ್ದುವು. ಸಪ್ತಭಾಷಾ ಸಂಗಮಭೂಮಿ ಎಂದು ಸಭೆಗಳಲ್ಲಿ ನಾವು ಹೇಳಿಕೊಳ್ಳುವ ಮಾತು ದಿನಬಳಕೆಯಲ್ಲಿ ನಿಜವಾಗುತ್ತಿದ್ದುದು ಅಂಗಡಿಯ ಹಲಗೆಯ ಮುಂದೆ. ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುವ ವಿದ್ಯೆ ಅಂಗಡಿಯವರಿಗೆ ಕರತಲಾಮಲಕವಾಗಿತ್ತು. ಪರದೇಶದ ಪೇಟೆಗೆ ಬೇಕಾದ ಪೂರ್ವಾಭ್ಯಾಸ ನಮಗೆ ಹೀಗೆ ಊರಿನಲ್ಲಿಯೇ ಆಗಿತ್ತು.

ನಮ್ಮ ರೂಪಾಯಿ ನಡೆದ ಪರದೇಶ

ಗಲ್ಫಿಗೆ ಮೊದಮೊದಲು ಹೋದವರಿಗೆ ನಾಣ್ಯದ ಸಮಸ್ಯೆ ಇರಲಿಲ್ಲವೆಂಬುದನ್ನು ಇಂದಿನ ಯುವಕರು ನಂಬಲಾರರು. ಕುವೈತ್, ಬಹರೈನ್, ಕತಾರ್, ದುಬೈ, ಒಮಾನ್‌ಗಳ ಪೇಟೆಗಳಲ್ಲಿ ನಡೆಯುತ್ತಿದ್ದುದು ಹಿಂದೂಸ್ಥಾನದ ರೂಪಾಯಿಯೇ. ಬೊಂಬಾಯಿಯೊಡನೆ ಇದ್ದ ವ್ಯಾಪಾರವೂ ಬ್ರಿಟಿಷರ ಆಡಳಿತ ಸಂಬಂಧವೂ ಇದಕ್ಕೆ ಕಾರಣ. ಆದರೆ ಗಲ್ಫಿನಿಂದ ಚಿನ್ನ ಕಳ್ಳಸಾಗಣೆಯಾಗಿ ಬಂದು, ಅದರ ಬೆಲೆಯಾಗಿ ರೂಪಾಯಿ ಹೊರಗೆ ಹರಿದು, ಮತ್ತೆ ವಿದೇಶೀ ವಿನಿಮಯದ ಬೇಡಿಕೆಯಾಗಿ ಹಿಂದಿರುಗತೊಡಗಿತು. ಅದನ್ನು ತಡೆಯಲು 1959ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಗಲ್ಫಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರತಂದಿತು. ‘ಗಲ್ಫ್ ರೂಪಾಯಿ’ ಎಂಬುದು ಅದಕ್ಕೆ ಬಂದ ಹೆಸರು. ಅಲ್ಲಿ ಅದರ ಬೆಲೆ ನಮ್ಮ ರೂಪಾಯಿಗೆ ಸಮ. ಇಲ್ಲಿಯ ಅಂಗಡಿಯಲ್ಲಿ ಅದು ನಡೆಯದು.

1961ರಲ್ಲಿ ಕುವೈತ್, 1965ರಲ್ಲಿ ಬಹರೈನ್ ತಮ್ಮ ತಮ್ಮ ದೀನಾರುಗಳನ್ನು ತಂದುವು. 1966ರ ಜೂನ್ 6ರಂದು ಭಾರತವು ರೂಪಾಯಿಯ ಅಪಮೌಲ್ಯ ಮಾಡಿತು. ಡಾಲರಿಗೆ 4 ರೂಪಾಯಿ 76 ಪೈಸೆಯಿದ್ದುದು 7 ರೂಪಾಯಿ 50 ಪೈಸೆಯಾಯಿತು. ದಿಲ್ಲಿಯ ಒಂದು ನಿರ್ಧಾರದಿಂದ ದುಬೈಯ ಅಂಗಡಿಯವನ ಪೆಟ್ಟಿಗೆಯ ಹಣ ಒಂದೇ ರಾತ್ರಿಯಲ್ಲಿ ಮೂರನೆಯ ಒಂದಂಶಕ್ಕಿಂತ ಹೆಚ್ಚು ಕರಗಿತು. ಅದೇ ವರ್ಷ ಕತಾರ್ ಮತ್ತು ದುಬೈ ಕೂಡಿ ರಿಯಾಲನ್ನು ಹೊರಡಿಸಿದುವು. ಒಮಾನ್ ಮಾತ್ರ 1970ರವರೆಗೂ ಗಲ್ಫ್ ರೂಪಾಯಿಯನ್ನು ಉಳಿಸಿಕೊಂಡಿತ್ತು. ಸಂಯುಕ್ತ ಅರಬ್ ಸಂಸ್ಥಾನದ ದಿರ್‌ಹಂ ಬಂದುದು 1973ರಲ್ಲಿ. ಅದೇ ವರ್ಷ ತೈಲದ ಬೆಲೆ ಏರಿ, ನಮ್ಮೂರುಗಳಿಂದ ಗಲ್ಫಿಗೆ ಹೋಗುವವರ ಸಾಲು ಬೆಳೆಯಿತು. ರೂಪಾಯಿ ಅಲ್ಲಿಂದ ಹೊರಟ ಮೇಲೆ ನಾವು ಅಲ್ಲಿಗೆ ಹೊರಟೆವು.

ರೂಪಾಯಿ ಹೋದರೂ ನಮ್ಮ ಅಳತೆ ಉಳಿಯಿತು. ನಮ್ಮ ಸರಕಾರ ಕೈಬಿಟ್ಟ ತೊಲೆಯು ಗಲ್ಫಿನ ಚಿನ್ನದ ಪೇಟೆಯಲ್ಲಿ ಬದುಕಿತು. ಹತ್ತು ತೊಲೆಯ ಚಿನ್ನದ ಗಟ್ಟಿ ಇಂದಿಗೂ ಅಲ್ಲಿ ಪರಿಚಿತ ವಸ್ತು. ಚಿನ್ನದ ಅಂಗಡಿಯ ನಡವಳಿಕೆ ಹೊಸಬರಿಗೆ ಒಗಟಿನಂತೆ ಕಾಣುತ್ತದೆ. ಚಿನ್ನದ ದಿನದ ದರವನ್ನು ಫಲಕದಲ್ಲಿ ಬರೆದಿರುತ್ತಾರೆ, ಅದರಲ್ಲಿ ಮಾತಿಲ್ಲ. ಕೊಸರಾಟವೆಲ್ಲ ಮಜೂರಿಯ ಮೇಲೆ. ಯಾವುದರಲ್ಲಿ ಮಾತಾಡಬೇಕು, ಯಾವುದರಲ್ಲಿ ಸುಮ್ಮನಿರಬೇಕು ಎಂಬುದನ್ನು ಕಲಿತವನೇ ಅಲ್ಲಿ ಜಾಣ. ಮಧ್ಯಾಹ್ನ ಮುಚ್ಚಿ, ಸಂಜೆ ತೆರೆದು, ಇರುಳು ಬಹಳ ಹೊತ್ತಿನವರೆಗೆ ನಡೆಯುವ ಹಳೆಯ ಪೇಟೆಗಳ ಸಮಯಕ್ಕೂ, ಶುಕ್ರವಾರದ ರಜೆಗೂ ನಮ್ಮವರು ಹೊಂದಿಕೊಂಡರು.

ಇನ್ನೊಂದು ಸಂಗತಿ ಅಭಿಮಾನದಿಂದ ಹೇಳತಕ್ಕುದು. ಅಲ್ಲಿ ‘ಬಕಾಲ’ ಎಂದು ಕರೆಯುವ ಸಣ್ಣ ಜಿನಸಿನ ಅಂಗಡಿಗಳನ್ನು ನಡೆಸುವವರಲ್ಲಿ ನಮ್ಮ ಜಿಲ್ಲೆಯವರು ಅನೇಕರಿದ್ದಾರೆ. ಅರಬರೊಡನೆ ಅರಬಿ, ಪಠಾಣರೊಡನೆ ಉರ್ದು, ಫಿಲಿಪೀನಿನವರೊಡನೆ ಇಂಗ್ಲಿಷು, ಊರಿನವರೊಡನೆ ಊರಿನ ಮಾತು. ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುವ ಗಡಿನಾಡಿನ ವಿದ್ಯೆ ಅಲ್ಲಿ ಅನ್ನವನ್ನು ಕೊಟ್ಟಿತು. ಸಂಬಳದ ದಿನದವರೆಗೆ ಪುಸ್ತಕದಲ್ಲಿ ಬರೆದಿಡುವ ಉದ್ರಿಯೂ, ಫೋನು ಮಾಡಿದರೆ ಮನೆಗೆ ಸಾಮಾನು ಮುಟ್ಟಿಸುವ ಸೌಜನ್ಯವೂ ಆ ಅಂಗಡಿಗಳಲ್ಲಿವೆ. ನಮ್ಮೂರಿನ ಅಂಗಡಿ ಅಲ್ಲಿಗೆ ಹೋಗಿ ನೆಲಸಿದೆಯೋ ಎನ್ನಿಸುತ್ತದೆ.

ಒಂದೇ ಬೆಲೆ, ಮೂಕ ಅಂಗಡಿ

ಪಶ್ಚಿಮ ದೇಶಗಳಿಗೆ ಹೋದ ನಮ್ಮ ಮಕ್ಕಳು ಎದುರಿಸುವುದು ಬೇರೆ ಬಗೆಯ ಪೇಟೆ. ಅಲ್ಲಿ ಬೆಲೆ ಬರೆದಿದೆ, ಮಾತಿಗೆ ಅವಕಾಶವಿಲ್ಲ. ಇದು ಪಾಶ್ಚಾತ್ಯರ ಹುಟ್ಟುಗುಣವೆಂದು ಹಲವರು ತಿಳಿದಿದ್ದಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಯುರೋಪಿನ ಅಂಗಡಿಗಳಲ್ಲಿಯೂ ಶತಮಾನಗಳ ಕಾಲ ಕೊಸರಾಟವೇ ನಡೆಯುತ್ತಿತ್ತು. ಕೇಳುವುದೊಂದು, ಕೊಳ್ಳುವುದೊಂದು ಬೆಲೆಯೆಂಬುದು ಸುಳ್ಳಾಡಿದಂತೆಂದು ಭಾವಿಸಿ 17ನೆಯ ಶತಮಾನದ ಇಂಗ್ಲೆಂಡಿನ ಕ್ವೇಕರ್ ಪಂಥದ ವರ್ತಕರು ಒಂದೇ ಬೆಲೆಯ ನಿಯಮವನ್ನು ಹಿಡಿದರು. ಅದು ಎಲ್ಲರ ರೂಢಿಯಾದುದು 19ನೆಯ ಶತಮಾನದಲ್ಲಿ. ಪ್ಯಾರಿಸಿನ ‘ಬಾನ್ ಮಾರ್ಶೆ’ ಅಂಗಡಿಯಲ್ಲಿ 1852ರಿಂದ ಅರಿಸ್ತಿದ್ ಬೂಸಿಕೊ ಎಂಬಾತನು ಬೆಲೆಚೀಟಿ ಅಂಟಿಸಿ, ಕೊಳ್ಳದಿದ್ದರೂ ಒಳಗೆ ಬಂದು ನೋಡಿ ಹೋಗಬಹುದೆಂಬ, ಬೇಡವಾದುದನ್ನು ಹಿಂದಿರುಗಿಸಬಹುದೆಂಬ ಪದ್ಧತಿಯನ್ನು ಬೆಳೆಸಿದನು.

ಇದರ ಹಿಂದಿನ ಕಾರಣ ಸರಳವಾದುದು. ಅಂಗಡಿಯಲ್ಲಿ ಯಜಮಾನನೇ ಕುಳಿತಿದ್ದರೆ ಎಷ್ಟು ಇಳಿಸಬಹುದೆಂಬುದನ್ನು ಅವನೇ ತೀರ್ಮಾನಿಸುವನು. ನೂರಾರು ನೌಕರರು ಮಾರುವ ದೊಡ್ಡ ಮಳಿಗೆಯಲ್ಲಿ ಪ್ರತಿಯೊಬ್ಬನಿಗೂ ಆ ಅಧಿಕಾರ ಕೊಡಲಾದೀತೆ? ಆದುದರಿಂದ ಬೆಲೆ ಮಾತಿನಿಂದ ಚೀಟಿಗೆ ಇಳಿಯಿತು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ತೆರೆದ ‘ಪಿಗ್ಲಿ ವಿಗ್ಲಿ’ಯಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು ಸಾಮಾನು ಆರಿಸಿಕೊಳ್ಳುವ ಕ್ರಮ ಬಂತು. 1974ರ ಜೂನ್ 26ರಂದು ಒಹಾಯೊ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ಮಿನ ಪೊಟ್ಟಣದ ಮೇಲಿನ ಕಪ್ಪುಗೆರೆಗಳನ್ನು ಯಂತ್ರವು ಓದಿತು. ಬೆಲೆಯನ್ನು ಬಾಯಿಬಿಟ್ಟು ಹೇಳುವ ಅಗತ್ಯವೂ ಅಲ್ಲಿಗೆ ಮುಗಿಯಿತು.

ಅಲ್ಲಿಯೂ ಹೊಂದಿಕೊಳ್ಳಬೇಕಾದುದು ಬಹಳ. ನಮ್ಮಲ್ಲಿ ಪೊಟ್ಟಣದ ಮೇಲೆ ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಬೆಲೆ ಅಚ್ಚಾಗಿರುತ್ತದೆ. ಅಮೆರಿಕದಲ್ಲಿ ಅಂತಹ ಕಟ್ಟಳೆಯಿಲ್ಲ; ಒಂದೇ ವಸ್ತುವಿಗೆ ಅಂಗಡಿಗೊಂದು ಬೆಲೆ, ಬಹುತೇಕ ರಾಜ್ಯಗಳಲ್ಲಿ ತೆರಿಗೆ ಸೇರುವುದು ಹಣ ಕೊಡುವಾಗ. ಜರ್ಮನಿಯಲ್ಲಿ ಭಾನುವಾರ ಪೇಟೆ ಮುಚ್ಚಿರುತ್ತದೆ. ವಾರದ ರಜೆಯೆಂದು ಸಂತೆಗೆ ಹೊರಡುವ ನಮ್ಮವರು ಅಲ್ಲಿ ಶನಿವಾರವೇ ಎಚ್ಚರವಹಿಸಬೇಕು. ನೀರಿನ ಬಾಟಲಿಗೆ ಠೇವಣಿ ಕೊಟ್ಟು, ಖಾಲಿಯಾದ ಮೇಲೆ ಯಂತ್ರಕ್ಕೆ ಹಾಕಿ ಹಿಂದಕ್ಕೆ ಪಡೆಯಬೇಕು. ಏಡನ್ನಿನಿಂದ ಒಡೆದ ಪಾತ್ರೆ ಬರುತ್ತಿದ್ದುದನ್ನು ಓದಿದವರಿಗೆ ಇದೂ ಅಪರಿಚಿತವೆನಿಸದು.

ಕಂಡ ಬೆಲೆಗೆ ಕೊಳ್ಳುವ ಕ್ರಮದಲ್ಲಿ ನ್ಯಾಯವಿದೆಯೆಂಬುದನ್ನು ಒಪ್ಪಬೇಕು. ಕೊಸರಾಟದಲ್ಲಿ ಗೆದ್ದವನು ಬಾಯಿಯುಳ್ಳವನು. ಲೆಕ್ಕ ಬಾರದ ಮುದುಕಿಗೂ, ಸಂಕೋಚದ ಹುಡುಗನಿಗೂ, ಭಾಷೆ ತಿಳಿಯದ ಪರಸ್ಥಳದವನಿಗೂ ಹೆಚ್ಚು ಬೆಲೆ ಬೀಳುತ್ತಿತ್ತು. ಬೆಲೆಚೀಟಿ ಅವರೆಲ್ಲರನ್ನೂ ಸಮಾನರನ್ನಾಗಿ ಮಾಡಿತು. ಹಾಗಿದ್ದೂ ಅದಕ್ಕೆ ನಾವು ತೆತ್ತ ಬೆಲೆಯೊಂದಿದೆ. ಬೆನ್ ಯಿಜುವಾಗಲಿ ಬೊಮ್ಮನಾಗಲಿ ಮಾತಾಡದೆ ಒಂದು ಹಿಡಿ ಉಪ್ಪನ್ನೂ ಕೊಳ್ಳುವಂತಿರಲಿಲ್ಲ. ಕೊಳ್ಳಬೇಕಾದುದರಿಂದ ಮಾತು ಕಲಿತರು. ಮಾತು ಕಲಿತುದರಿಂದ ಆ ನಾಡಿನವರಿಗೆ ಪರಿಚಿತರಾದರು. ಇಂದು ಹೊರದೇಶದಲ್ಲಿ ಹತ್ತು ವರ್ಷ ಬಾಳಿ, ಅಲ್ಲಿಯ ಭಾಷೆಯ ಹತ್ತು ಪದಗಳನ್ನೂ ಅಂಗಡಿಯಲ್ಲಿ ಆಡದೆ ಹಿಂದಿರುಗುವುದು ಸಾಧ್ಯ.

ಉಳಿಸಬೇಕಾದ ಚೀಟಿಗಳು

ಈ ಮಾತು ನಮ್ಮ ಊರಿಗೂ ಅನ್ವಯಿಸುತ್ತದೆ. 1956ರ ಬಳಿಕ ಕಚೇರಿಯ ಕಾಗದಪತ್ರಗಳಲ್ಲಿ ಕನ್ನಡದ ಸ್ಥಾನಕ್ಕಾಗಿ ನಾವು ಮನವಿ ಸಲ್ಲಿಸುತ್ತ, ಹೋರಾಡುತ್ತ ಬಂದಿದ್ದೇವೆ. ಅದು ಅಗತ್ಯವೇ. ಆದರೆ ಯಾವ ಮನವಿಯೂ ಇಲ್ಲದೆ ಕನ್ನಡ ಬದುಕಿಕೊಂಡಿದ್ದ ಸ್ಥಳವೆಂದರೆ ಪೇಟೆ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲಗಳ ಅಂಗಡಿಗಳಲ್ಲಿ ಕನ್ನಡದಲ್ಲಿ ಎಣಿಸಿದರು, ಕನ್ನಡದಲ್ಲಿ ಲೆಕ್ಕ ಬರೆದರು. ಈಗ ದೊಡ್ಡ ಮಳಿಗೆಗಳು ಬಂದಿವೆ. ಬುಟ್ಟಿ ತುಂಬಿಕೊಂಡು, ಯಂತ್ರದ ಸದ್ದು ಕೇಳಿ, ಫೋನು ತೋರಿಸಿ ಹೊರಬರುತ್ತೇವೆ. ಅಲ್ಲಿ ಕನ್ನಡವನ್ನು ಯಾರೂ ನಿಷೇಧಿಸಿಲ್ಲ, ಮಲಯಾಳವೂ ಅಲ್ಲಿ ಹೆಚ್ಚೇನೂ ಕೇಳಿಸುವುದಿಲ್ಲ. ದೊಡ್ಡ ಭಾಷೆಗೆ ಈ ಮೌನ ಸಣ್ಣ ನಷ್ಟ. ಅದಕ್ಕೆ ಶಾಲೆಯಿದೆ, ಸರಕಾರವಿದೆ. ಗಡಿಯ ಭಾಷೆಗೆ ಮಾತ್ರ ಈ ಮೌನ ತನ್ನ ಮನೆಯ ಕಂಬವೊಂದು ಬಿದ್ದಂತೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವೂ ಇಂದು ಎಪ್ಪತ್ತೊಂಬತ್ತು ಎಂದರೆ ಎಷ್ಟೆಂದು ಕೇಳುವ ಸ್ಥಿತಿ ಬಂದಿದೆ. ಅಧ್ಯಾಪಕನಾಗಿ ಮೂರು ದಶಕಗಳಿಗೂ ಮೀರಿ ಮಗ್ಗಿ ಹೇಳಿಸಿದ ನನಗೆ ಇದು ಸಣ್ಣ ವಿಷಯವಾಗಿ ತೋರುವುದಿಲ್ಲ. ಎಣಿಕೆಯ ಪದಗಳು ಹೋದ ಭಾಷೆಯಲ್ಲಿ ಕವಿತೆ ಉಳಿದರೂ ವ್ಯವಹಾರ ಉಳಿಯದು.

ಆದುದರಿಂದ ಸಂಘದ ಬಂಧುಗಳಲ್ಲಿ ಎರಡು ವಿನಂತಿಗಳಿವೆ. ಮೊದಲನೆಯದು, ನಮ್ಮ ಪೇಟೆಯಲ್ಲಿ ಬಾಯಿಬಿಟ್ಟು ಕನ್ನಡದಲ್ಲಿ ಕೇಳೋಣ, ಕನ್ನಡದಲ್ಲಿ ಎಣಿಸೋಣ. ಅಂಗಡಿಯವರು ಮಲಯಾಳದಲ್ಲಿ ಉತ್ತರಿಸಿದರೆ ಅದನ್ನೂ ಸಂತೋಷದಿಂದ ಕಲಿಯೋಣ. ಪರದೇಶದಲ್ಲಿರುವ ಮಕ್ಕಳಿಗೂ ಇದೇ ಮಾತು. ಅಲ್ಲಿಯ ಅಂಗಡಿಯಾತನೊಡನೆ ಅವನ ಭಾಷೆಯಲ್ಲಿ ನಾಲ್ಕು ಮಾತಾಡಲಿ, ಮನೆಗೆ ಬಂದು ಮೊಮ್ಮಕ್ಕಳೊಡನೆ ತಂದ ಸಾಮಾನನ್ನು ಕನ್ನಡದಲ್ಲಿ ಎಣಿಸಲಿ.

ಎರಡನೆಯದು, ನಮ್ಮ ಮನೆಗಳ ಅಟ್ಟದ ಮೇಲೆ ಹಳೆಯ ಅಂಗಡಿಯ ಲೆಕ್ಕದ ಪುಸ್ತಕಗಳಿವೆ. ಅಡಕೆ ಮಾರಿದ ಚೀಟಿಗಳಿವೆ. ಗಲ್ಫಿನಿಂದ ಅಪ್ಪನೋ ಅಣ್ಣನೋ ಬರೆದ ನೀಲಿ ಅಂಚಿನ ಪತ್ರಗಳಿವೆ. ಬರುವಾಗ ಸೆಂಟು, ಟಾರ್ಚು, ನೈಲಾನ್ ಸೀರೆ, ಟೇಪ್‌ರೆಕಾರ್ಡರ್ ತರಬೇಕೆಂದು ಮನೆಯವರು ಬರೆದ ಪಟ್ಟಿಗಳಿವೆ. ಒಂದೆರಡು ಮನೆಗಳಲ್ಲಿ ಗಲ್ಫ್ ರೂಪಾಯಿಯೂ ಇರಬಹುದು. ಗೆದ್ದಲಿಗೂ ಗುಜರಿಯವನಿಗೂ ಅವನ್ನು ಒಪ್ಪಿಸಬೇಡಿ. ಸಂಘಕ್ಕೆ ತಂದುಕೊಟ್ಟರೆ ಪ್ರತಿ ತೆಗೆದು ಮೂಲವನ್ನು ತಮಗೆ ಹಿಂದಿರುಗಿಸುವ ಏರ್ಪಾಡನ್ನು ಮಾಡಬಹುದು. ಸಾಬೂನು, ಸಕ್ಕರೆ, ಬಾಣಲೆಗಳ ಪಟ್ಟಿಯೊಂದು ಉಳಿದುದರಿಂದ ಒಂಬೈನೂರು ವರ್ಷಗಳ ಹಿಂದಿನ ಬೊಮ್ಮನ ಹೆಸರು ನಮಗೆ ದೊರೆಯಿತು. ನಮ್ಮ ಹಿರಿಯರ ಹೆಸರುಗಳೂ ಸದ್ಯಕ್ಕೆ ಅಂತಹ ಪಟ್ಟಿಗಳಲ್ಲಿಯೇ ಇವೆ, ಕನ್ನಡದ ಅಕ್ಷರಗಳಲ್ಲಿ.